ಮಾರಿಬ್‌ನ ಮನೆ, ಲೈಡನ್‌ನ ಶನಿವಾರ

"ವೆಲ್ಡ್‌ಹೋವನ್‌ನಿಂದ ಒಂದು ಬಸ್ಸು, ಎರಡು ರೈಲು ಹತ್ತಿ ಪ್ರತಿ ಶನಿವಾರ ಲೈಡನ್‌ಗೆ ಬರೋ ಹುಡುಗ ಬರೀ ಹಳೇ ಕಾಗದಕ್ಕೆ ಲೈಟ್ ಹಿಡಿಯೋಕೆ ಬರ್ತಾನೆ ಅಂದ್ರೆ ನಂಬೋಕೆ ನಾನೇನು ಕಿವಿ ಮೇಲೆ ಹೂ ಇಟ್ಕೊಂಡಿದ್ದೀನಾ?" ಅಂದಳು ಹಿತಾ.

ಅವಳ ಕೈ ಚಪಾತಿ ಲಟ್ಟಿಸುತ್ತಲೇ ಇತ್ತು. ಬೇಯಿಸುವ ಸರದಿ ನೀಲಾಂಬಿಕಾಳದು. ಮಾತು ಕಿವಿಗೆ ಬಿದ್ದದ್ದೇ ತಡ, ಹೆಂಚಿನ ಮೇಲಿದ್ದ ಚಪಾತಿಯ ಒಂದು ಮಗ್ಗುಲು ಕರ್ರಗಾಯಿತು.

"ಅವರಿಗೆ ಲೈಟು, ಲೆನ್ಸು ಅಂದ್ರೆ ಇಷ್ಟ ಕಣೇ. ಕೆಲಸಾನೇ ಅದು."

"ಹೌದೌದು. ಆ ಇಷ್ಟಕ್ಕೆ ಹೋದ್ವಾರ ಹೊಸ ಶರ್ಟ್ ಬೇರೆ. ಕಾಲರ್ ಹಿಂದೆ ಅಂಗಡಿ ಟ್ಯಾಗ್ ಹಾಗೇ ನೇತಾಡ್ತಿತ್ತು."

"ಗೊತ್ತು. ನಾನೇ ಕತ್ತರಿಸ್ದೆ."

"ನೀನೇ ಕತ್ತರಿಸಿದ್ಯಾ!" ಹಿತಾ ಲಟ್ಟಣಿಗೆ ಕೆಳಗಿಟ್ಟಳು. "ಎಷ್ಟ್ ಹತ್ರ ನಿಂತ್ಕೊಂಡು?"

ನೀಲಾ ಕರಕಲು ಚಪಾತಿಯನ್ನು ತನ್ನ ತಟ್ಟೆಗೇ ಹಾಕಿಕೊಂಡಳು. ಉತ್ತರ ಕೊಡಹೋಗಿದ್ದರೆ ಅವನ ಕುತ್ತಿಗೆಯ ಹಿಂದೆ ಎಳ್ಳುಕಾಳಿನಷ್ಟು ಮಚ್ಚೆ ಇರುವುದನ್ನೂ, ಕತ್ತರಿಯ ತಣ್ಣನೆ ಅಲಗು ತಾಗಿದಾಗ ಅವನು ಉಸಿರು ಬಿಗಿಹಿಡಿದದ್ದನ್ನೂ ಹೇಳಬೇಕಾಗುತ್ತಿತ್ತು. ಫ್ಲ್ಯಾಟ್ ಹಂಚಿಕೊಂಡ ಗೆಳತಿಗೆ ಎಲ್ಲವನ್ನೂ ಹಂಚಬೇಕೆಂದೇನೂ ಇಲ್ಲವಲ್ಲ.

ಗದಗಿನ ನೀಲಾಂಬಿಕಾ ಡಚ್ಚರ ಊರಾದ ಲೈಡನ್ನಿಗೆ ಬಂದದ್ದು ಮಾರಿಬ್‌ಗಾಗಿ. ಯೆಮನ್ ದೇಶದ ಮರಳುಗಾಡಿನ ಅಂಚಿನಲ್ಲಿ, ಕ್ರಿಸ್ತ ಹುಟ್ಟುವುದಕ್ಕೂ ಎಷ್ಟೋ ಮುಂಚೆ ಮೆರೆದ ಸಬಾ ರಾಜ್ಯದ ರಾಜಧಾನಿ ಅದು. ಧೂಪ ಹೊತ್ತ ಒಂಟೆಗಳು ದಣಿವಾರಿಸಿಕೊಂಡು ಹೋಗುತ್ತಿದ್ದ ಊರು, ಮಳೆನೀರು ಹಿಡಿಯಲು ಕಟ್ಟಿದ ದೊಡ್ಡ ಅಣೆಕಟ್ಟಿಗೆ ಹೆಸರಾದ ಊರು. ಈಗ ಅಲ್ಲಿ ಯುದ್ಧ. ಅಗೆಯುವುದಿರಲಿ, ದೂರ ನಿಂತು ನೋಡಿ ಬರುವುದೂ ಆಗದ ಮಾತು. ಹಾಗಾಗಿ ಅವಳು ಆ ಊರನ್ನು ಕಾಗದದಲ್ಲಿ ಓದುತ್ತಿದ್ದಳು.

ಕಾಗದವೆಂದರೆ ಪುಸ್ತಕವಲ್ಲ. ಬಹಳ ಹಿಂದೆ ಡಚ್ ವೈದ್ಯರೊಬ್ಬರು ಆ ಸೀಮೆಯಲ್ಲಿ ಸುತ್ತಾಡುವಾಗ ಶಾಸನದ ಕಲ್ಲುಗಳ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಒಣಗಿದ ಮೇಲೆ ಮೆಲ್ಲಗೆ ಎಬ್ಬಿಸಿ ತಂದ ಅಚ್ಚುಗಳು. ಕಲ್ಲುಗಳು ಅಲ್ಲೇ ಉಳಿದವು. ಕೆಲವು ಈಗ ಉಳಿದೂ ಇಲ್ಲ. ಅವುಗಳ ಮೈಯ ಉಬ್ಬುತಗ್ಗು ಮಾತ್ರ ಲೈಡನ್ನಿನ ಸಂಶೋಧನಾ ಸಂಸ್ಥೆಯೊಂದರ ಪೆಟ್ಟಿಗೆಗಳಲ್ಲಿ ತಣ್ಣಗೆ ಮಲಗಿತ್ತು.

ಆ ಶನಿವಾರದ ಹುಡುಗ ಸಾತ್ವಿಕ್ ಸಿಕ್ಕಿದ್ದು ಡೀಮೆನ್ ಊರಿನ ಬಾಡಿಗೆ ಸಭಾಂಗಣದಲ್ಲಿ, ಕನ್ನಡಿಗರ ಯುಗಾದಿಯ ಊಟಕ್ಕೆ. ಅಲ್ಲಿ ಎಲ್ಲರೂ ನೀಲಾಳನ್ನು ಏನು ಮಾಡ್ಕೊಂಡಿದ್ದೀರ ಎಂದು ಕೇಳಿದರು, ಉತ್ತರ ಕೇಳಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆಗೆ ಬಂದು ನಿಂತರು: "ಅದಕ್ಕೆ ಸ್ಕೋಪ್ ಇದ್ಯಾ?" ಎದುರಿನ ಸಾಲಿನಲ್ಲಿ ಕೂತು ಒಬ್ಬಟ್ಟಿನ ಮೇಲೆ ಬೀಳುವ ತುಪ್ಪಕ್ಕಾಗಿ ಕಾಯುತ್ತಿದ್ದ ಮೈಸೂರಿನ ಹುಡುಗ ಮಾತ್ರ ಬೇರೆಯದನ್ನು ಕೇಳಿದ.

"ಆ ಊರಿನವರು ಹಬ್ಬಕ್ಕೆ ಏನ್ ತಿಂತಿದ್ರು?"

ನೀಲಾ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದಳು. ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. "ಖರ್ಜೂರ, ದ್ರಾಕ್ಷಿ, ಎಳ್ಳು... ಜೋಳಾನೂ ಬೆಳೀತಿದ್ರು ಅಂತಾರೆ."

"ಜೋಳ! ಹಾಗಾದ್ರೆ ನಿಮ್ ಕಡೆಯವರೇ ಬಿಡಿ."

ಅವಳು ನಕ್ಕಳು. ಎಲೆ ಎತ್ತುವ ಹೊತ್ತಿಗೆ ಅವನ ಕೆಲಸವೂ ಗೊತ್ತಾಯಿತು. ಚಿಪ್ ತಯಾರಿಸುವ ಯಂತ್ರಗಳಲ್ಲಿ ಕನ್ನಡಿಗಳನ್ನು ಜೋಡಿಸಿ, ಬೆಳಕನ್ನು ಬೇಕಾದ ಕಡೆಗೆ ತಿರುಗಿಸುವುದು. "ಎದುರಿನಿಂದ ಬೆಳಕು ಬಿದ್ರೆ ನನ್ನ ಅಕ್ಷರಗಳು ಮಾಯ ಆಗ್ತಾವೆ. ಪಕ್ಕದಿಂದ ಓರೆಯಾಗಿ ಬೀಳ್ಬೇಕು, ಆಗ ನೆರಳು ಮೂಡಿ ಓದೋಕೆ ಬರತ್ತೆ" ಎಂದಳು.

"ಬೆಳಕನ್ನ ಓರೆ ಮಾಡೋದೇ ನನ್ನ ಹೊಟ್ಟೆಪಾಡು" ಅಂದ ಅವನು. "ಶನಿವಾರ ಬರ್ಲಾ?"

ಬಂದ. ಹಳೇ ಟ್ರೈಪಾಡ್‌ಗೆ ಎರಡು ತೋಳು ಬಿಗಿದು, ತುದಿಗೆ ಸಣ್ಣ ದೀಪ ಕಟ್ಟಿ, ಸಂಸ್ಥೆಯ ಕೋಣೆಯ ಕಿಟಕಿ ಪರದೆಗಳನ್ನೆಲ್ಲ ಇಳಿಸಿದ. ಮಬ್ಬು ಕೋಣೆಯಲ್ಲಿ ಓರೆ ಬೆಳಕು ಹರಿದದ್ದೇ, ಬೋಳು ಕಾಗದದ ಮೇಲೆ ಕಂಬದಂತೆ ನೆಟ್ಟಗೆ ನಿಂತ ಅಕ್ಷರಗಳು ಒಂದೊಂದಾಗಿ ಎದ್ದವು. ನೀಲಾ ಅಕ್ಷರಗಳನ್ನು ನೋಡಿದಳು. ಅವನು ಅವಳನ್ನು ನೋಡಿದ. ಅವಳು ತಿರುಗಿದಾಗ ದೀಪದ ಸ್ಕ್ರೂ ಬಿಗಿಯುವವನಂತೆ ನಟಿಸಿದ. ಸ್ಕ್ರೂ ಇದ್ದದ್ದು ಆ ಕಡೆಯಲ್ಲಲ್ಲ.

ಆಮೇಲೆ ಶನಿವಾರಗಳು ಒಂದರ ಹಿಂದೊಂದು ಬಂದವು. 'ನೀವು' ಯಾವಾಗಲೋ 'ನೀನು' ಆಯಿತು. ಯಾರು ಮೊದಲು ಅಂದದ್ದೆಂದು ಇಬ್ಬರಿಗೂ ನೆನಪಿಲ್ಲ.

"ಇದ್ರಲ್ಲಿ ಏನ್ ಬರ್ದಿದೆ?" ಒಂದು ಹಾಳೆ ಹಿಡಿದು ಅವನು ಕೇಳಿದ್ದ.

"ಗಂಡ, ಹೆಂಡತಿ ಸೇರಿ ತಮ್ಮ ಮನೆಯನ್ನ ಅಡಿಪಾಯದಿಂದ ಮೇಲಿನ ತನಕ ಕಟ್ಟಿ ಮುಗಿಸಿದ್ರು ಅಂತ. ಆಮೇಲೆ ಮನೆ ಹೆಸರು. ಅಲ್ಲಿ ಕಲ್ಲು ಒಡೆದಿದೆ."

"ಮನೆಗೆ ಹೆಸರಾ?"

"ಅಲ್ಲಿ ಮನೆಗಳಿಗೆಲ್ಲ ಹೆಸರಿಡ್ತಿದ್ರು."

"ಮೈಸೂರು ಅಂದ್ರೆ ಮೈಸೂರು!" ಅವನ ಕಣ್ಣು ಅರಳಿತು. "ನಮ್ ಬೀದೀಲಿ ಮಾತೃಛಾಯಾ, ಪಕ್ಕದಲ್ಲೇ ಪಿತೃಛಾಯಾ. ಇಬ್ರಿಗೂ ಮಾತಿಲ್ಲ, ಕಾಂಪೌಂಡ್ ಜಗಳ."

ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು ಕಾಫಿ ತರಲು ಹೋದಳು. ಅದೇ ಹೊತ್ತಿನಲ್ಲಿ ಅವನು ಆ ಹಾಳೆಯ ಫೋಟೋ ತೆಗೆದ. ಸಂಜೆ ಅವಳ ಮೊಬೈಲಿಗೆ ಬಂದ ಚಿತ್ರ ಎಷ್ಟು ಚೊಕ್ಕವಾಗಿತ್ತೆಂದರೆ ಅವಳು ನಿಂತಲ್ಲೇ ನಿಂತುಬಿಟ್ಟಳು. ಬ್ರಷ್ಷಿನ ಏಟು ಬಿದ್ದ ಮೇಲ್ಬದಿ ಕಲ್ಲಿನ ಮೈಯಂತೆಯೇ ಇರುತ್ತದೆ; ಅಲ್ಲಿ ಅಕ್ಷರಗಳು ಉಬ್ಬಿ ಎದ್ದಿದ್ದವು.

ಉಬ್ಬಿದ್ದವು! ಸಬಾದ ಜನ ಹಳೆಯ ಕಾಲದಲ್ಲಿ ಅಕ್ಷರವನ್ನು ಕಲ್ಲಿನೊಳಕ್ಕೆ ಕೊರೆಯುತ್ತಿದ್ದರು. ಸುತ್ತಲ ಕಲ್ಲನ್ನು ಕೆತ್ತಿ ತೆಗೆದು ಅಕ್ಷರವನ್ನು ಉಬ್ಬಿಸುವ ರೂಢಿ ಬಂದದ್ದು ಎಷ್ಟೋ ಶತಮಾನ ಕಳೆದ ಮೇಲೆ, ಮಾರಿಬ್‌ನ ವೈಭವ ಇಳಿಯುತ್ತಿದ್ದ ಕಾಲದಲ್ಲಿ. ಅಂದರೆ ಜನ ಊರು ಬಿಡುತ್ತಿದ್ದರು ಎಂದು ಎಲ್ಲರೂ ಬರೆದಿಟ್ಟಿರುವ ಹೊತ್ತಿನಲ್ಲಿ ಒಂದು ಜೋಡಿ ಅಲ್ಲೇ ನಿಂತು ಹೊಸ ಮನೆ ಕಟ್ಟಿತ್ತು. ಅಕ್ಷರದ ಆಕಾರ ಮಾತ್ರ ಹಳೆಯ ಕಾಲದ್ದು. ಇರಲಿ, ಹಳೆಯ ಚೆಂದಕ್ಕೆ ಮನಸೋತು ಬೇಕೆಂದೇ ಹಾಗೆ ಬರೆಸಿದ್ದಾರೆ ಎಂದು ನೀಲಾ ಲೇಖನದಲ್ಲಿ ವಾದ ಹೂಡಿದಳು. ಮನಸ್ಸಿಗೆ ಬೇಕಾದದ್ದಕ್ಕೆ ವಾದ ಹುಟ್ಟುವುದು ಎಷ್ಟು ಹೊತ್ತು?

ಅವಳ ಗೈಡ್ ಹನ್ನೆಕೆ ಲೇಖನವನ್ನು ಎರಡು ಸಲ ಓದಿ, ಮುಂಬರುವ ವಿಚಾರಗೋಷ್ಠಿಗೆಂದು ಎಲ್ಲರಿಗೂ ಕಳಿಸಿದರು. "ಇದು ಹೀಗೇ ನಿಂತರೆ ನಿನ್ನ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸಿ ಎಂದು ಸಂಸ್ಥೆಯನ್ನು ನಾನು ಧೈರ್ಯವಾಗಿ ಕೇಳಬಹುದು" ಎಂದರು. ನೀಲಾಳ ಕೆಲಸ ಸೆಪ್ಟೆಂಬರಿಗೆ ಮುಗಿಯುವುದಿತ್ತು. ಕೆಲಸದ ಜೊತೆಗೇ ಇಲ್ಲಿರುವ ಪರ್ಮಿಟ್ಟೂ.

ಸಾತ್ವಿಕ್‌ಗೆ ಫೋನಿನಲ್ಲಿ ಹೇಳಿದಾಗ ಆ ಕಡೆ ಗಾಳಿಯ ಸದ್ದು. ಸೈಕಲ್ ಮೇಲಿದ್ದ ಅನಿಸುತ್ತದೆ.

"ಅಂದ್ರೆ ನೀನು ಇಲ್ಲೇ ಇರ್ತೀಯ" ಅಂದ.

"ಇರ್ತೀನಿ ಅನ್ಸತ್ತೆ."

"ಹಾಗಾದ್ರೆ ನಾನು ಒಂದ್ ಮಾತು..." ಎಂದವನು ತಡೆದ. "ಬೇಡ. ನಿನ್ ಪೇಪರ್ ಎಲ್ರೆದುರು ಓದು ಮೊದ್ಲು. ಆಮೇಲೆ ಹೇಳ್ತೀನಿ."

ಆ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕಾಯುವುದು ಸಿಹಿಯಾಗಿತ್ತು.

ಈ ನಡುವೆ ಮೂಲ ಹಾಳೆಗಳ ಪೆಟ್ಟಿಗೆ ಕೈಗೆ ಸಿಗದಂತಾಗಿತ್ತು. ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳ ಕಾಣಿಸಿಕೊಂಡು, ಅದು ಸಾಯಲೆಂದು ಇಡೀ ಪೆಟ್ಟಿಗೆಯನ್ನು ಫ್ರೀಜರಿನಲ್ಲಿಟ್ಟಿದ್ದರು. ಅದು ವಾಪಸು ಬಂದದ್ದು ಅವಳು ಎಲ್ಲರೆದುರು ಲೇಖನ ಓದಬೇಕಿದ್ದ ವಾರ. ಓದುವ ಮುಂಚೆ ಆ ಗಂಡಹೆಂಡತಿಯ ಹಾಳೆಯನ್ನು ಒಮ್ಮೆ ಮುಟ್ಟಿ ನೋಡೋಣ ಎನಿಸಿತು. ಪೂಜೆಗೆ ಮುಂಚೆ ದೇವರಿಗೆ ಕೈಮುಗಿದಂತೆ, ಅಷ್ಟೇ.

ಹಾಳೆಯ ಮೇಲ್ಮೈಯಲ್ಲಿ ಕಂದು ಕಲೆ. ಕಲೆಯ ನಡುವೆ ಬೆರಳಾಡಿಸಿದಳು. ಬೆರಳು ಗುಳಿಗೆ ಇಳಿಯಿತು. ಪಕ್ಕದ ಅಕ್ಷರ, ಅದೂ ಗುಳಿ. ತಿರುವಿ ಹಾಕಿದಳು. ಕಲ್ಲಿಗೆ ತಾಗಿದ್ದ ಹಿಂಬದಿ ಚೊಕ್ಕವಾಗಿತ್ತು, ಅಕ್ಷರಗಳು ಉಬ್ಬಿದ್ದವು, ಆದರೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು.

ಅವಳು ಮೊಬೈಲಿನ ಚಿತ್ರವನ್ನು ಹಾಳೆಯ ಪಕ್ಕ ಹಿಡಿದಳು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದ ಅಚ್ಚಿನಲ್ಲಿ ಎಲ್ಲಿ ಗುಳಿಯೋ, ಸಕ್ಕರೆಯಲ್ಲಿ ಅಲ್ಲಿ ಉಬ್ಬು. ಕಲ್ಲಿಗೆ ತಾಗಿಕೊಂಡಿದ್ದ ಬದಿಯಲ್ಲಿ ಅಕ್ಷರ ಉಬ್ಬಿದೆ ಎಂದರೆ ಕಲ್ಲಿನಲ್ಲಿ ಅದು ಕೊರೆದದ್ದು. ಮೇಲ್ಬದಿಯಲ್ಲಿ ಕಲೆಯಿದೆಯೆಂದು ಸಾತ್ವಿಕ್ ಚೊಕ್ಕ ಬದಿಯ ಫೋಟೋ ತೆಗೆದಿದ್ದ. ಅಕ್ಷರ ತಿರುಗುಮುರುಗಾಗಿ ಕಂಡಾಗ ಲ್ಯಾಪ್‌ಟಾಪಿನಲ್ಲಿ ಚಿತ್ರವನ್ನು ಅತ್ತಿಂದಿತ್ತ ಮಗುಚಿದ್ದ. ಕನ್ನಡಿಗಳ ನಡುವೆ ದಿನ ಕಳೆಯುವವನಿಗೆ ಅದು ಉಗುರು ಕತ್ತರಿಸಿದಷ್ಟು ಸುಲಭ, ಹೇಳಬೇಕಾದ ಸಂಗತಿಯೇ ಅಲ್ಲ. ಅವಳಿಗೆ ಚೆಂದದ ಚಿತ್ರ ಕೊಡಬೇಕಿತ್ತು, ಕೊಟ್ಟ. ಅವಳು ಯಾವ ಬದಿ ಎಂದು ಕೇಳಬೇಕಿತ್ತು. ಆ ದಿನ ಅವಳ ಗಮನ ಹಾಳೆಯ ಮೇಲಿರಲಿಲ್ಲ.

ಅಂದರೆ ಶಾಸನ ಹಳೆಯದೇ. ಮಾರಿಬ್ ತುಂಬಿ ತುಳುಕುತ್ತಿದ್ದ ಕಾಲದ್ದು. ಊರು ತುಂಬಿದಾಗ ಮನೆ ಕಟ್ಟುವುದರಲ್ಲಿ ಏನು ವಿಶೇಷ? ಎಲ್ಲರೂ ಕಟ್ಟುತ್ತಾರೆ.

ಮೊಬೈಲ್ ಗುನುಗಿತು. ಅವ್ವ. "ಏನವಾ ನೀಲಾ, ಪರ್ಮಿಟ್ಟಿಂದು ಆತೇನು? ನಿಮ್ಮಪ್ಪ ಆಗಲೇ ಓಣಿಗೆಲ್ಲಾ ಹೇಳಿ ಬಂದಾರ."

"ಇನ್ನೂ ಆಗಿಲ್ಲವಾ. ನಾ ಆಮ್ಯಾಲೆ ಮಾಡತೀನಿ."

"ಯಾಕ, ದನಿ ಹಿಂಗ್ಯಾಕ ಬರಾಕತ್ತೈತಿ? ಥಂಡಿ ಹತ್ತೈತೇನು? ಕಷಾಯ ಮಾಡಿ ಕುಡಿ."

"ಕುಡಿತೀನಿ."

ಫೋನಿಟ್ಟ ಮೇಲೆ ಅವಳು ಪೆಟ್ಟಿಗೆಯ ಮುಚ್ಚಳ ಕೈಗೆತ್ತಿಕೊಂಡಳು. ಪೆಟ್ಟಿಗೆ ಮುಚ್ಚಿ ಕಪಾಟಿಗೆ ಸೇರಿಸಿದರೆ ಆಯಿತು. ಅದನ್ನು ಇನ್ನು ಯಾರು ಯಾವಾಗ ತೆರೆಯುತ್ತಾರೋ. ಕಲ್ಲು ನೋಡಿಕೊಂಡು ಬರೋಣ ಎನ್ನಲು ಅಲ್ಲಿಗೆ ದಾರಿಯೇ ಇಲ್ಲ. ಇನ್ನೆರಡು ವರ್ಷ ಲೈಡನ್ನು, ಶನಿವಾರಗಳು, ಅವನು ನುಂಗಿಕೊಂಡ ಆ ಒಂದು ಮಾತು, ಎಲ್ಲವೂ ಉಳಿಯುತ್ತಿತ್ತು.

ಆದರೆ ಹಾಳೆಯಲ್ಲಿ ಇಬ್ಬರಿದ್ದರು. ಹೆಸರಿದ್ದವರು, ಮನೆ ಕಟ್ಟಿ ಬದುಕಿ ಹೋದವರು. ತನ್ನ ಪರ್ಮಿಟ್ಟಿಗಾಗಿ ಒಂದು ಸಂಸಾರವನ್ನು ಅದರ ಕಾಲದಿಂದ ಕಿತ್ತು ನೂರಾರು ವರ್ಷ ಈಚೆಗೆ ತಂದು ಕೂರಿಸುವುದೇ? ಅವರನ್ನು ಇಷ್ಟು ದಿನ ಪ್ರೀತಿಯಿಂದ ಓದಿದ್ದಕ್ಕೆ ಅರ್ಥವೇನು? ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹನ್ನೆಕೆಯ ಕೋಣೆಗೆ ನಡೆದಳು.

ಹನ್ನೆಕೆ ಬೆರಳಾಡಿಸಿ ನೋಡಿದರು. ಎದ್ದು ಇಬ್ಬರಿಗೂ ಚಹಾ ಮಾಡಿದರು. ಆಮೇಲೆ, ಮುಚ್ಚುಮರೆಯಿಲ್ಲದ ಆ ದೇಶದ ರೀತಿಯಲ್ಲಿ, "ಇನ್ನು ನಾನು ಎರಡು ವರ್ಷ ಕೇಳಲಾರೆ. ನೀನು ಬಂದು ಹೇಳಿದ್ದಕ್ಕೆ ಸಂತೋಷ. ಎರಡೂ ನಿಜ" ಎಂದರು. ಫೋಟೋ ತೆಗೆದವರದೂ ತಪ್ಪಲ್ಲವೇ ಎಂದೂ ಕೇಳಿದರು.

"ಹೊಣೆ ನನ್ನದು" ಎಂದಳು ನೀಲಾ.

ಅಂದು ಸಂಜೆಯೇ ತಿದ್ದುಪಡಿ ಹೊರಟಿತು: ಅಚ್ಚಿನ ಯಾವ ಬದಿಯೆಂದು ಪರೀಕ್ಷಿಸದೆ ಬರೆದೆ, ವಾದವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಚಿತ್ರದ ಕೆಳಗಿದ್ದ ಸಾತ್ವಿಕ್‌ನ ಹೆಸರನ್ನು ಅವಳು ಅಳಿಸಿದ್ದಳು. ಅವನ ಫೋನುಗಳನ್ನೂ ಎತ್ತಲಿಲ್ಲ. ಏನೆಂದು ಹೇಳುವುದು? ನಿನ್ನ ಪ್ರೀತಿಯ ಚಿತ್ರವೇ ನನ್ನನ್ನು ಗದಗಿಗೆ ಕಳಿಸುತ್ತಿದೆ ಎಂದೇ?

ಆದರೆ ಲೇಖನ ತಲುಪಿದ್ದ ಎಲ್ಲರಿಗೂ ತಿದ್ದುಪಡಿ ತಲುಪಿತು, ಅವನಿಗೂ. ಮಾರನೆಯ ಮಧ್ಯಾಹ್ನ, ಶನಿವಾರವಲ್ಲದ ದಿನ, ಕೊರಳಿನಲ್ಲಿ ಆಫೀಸಿನ ಬ್ಯಾಡ್ಜ್ ಹಾಗೇ ತೂಗುಹಾಕಿಕೊಂಡು ಅವನು ಮಬ್ಬು ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಆ ಫೋಟೋ ಮಗುಚಿದ್ದು ಯಾರು?"

"ನೋಡದೆ ಬರ್ದಿದ್ದು ನಾನು."

"ನಾನ್ ಕೇಳಿದ್ದು ಅದಲ್ಲ. ಮಗುಚಿದ್ದು ಯಾರು?"

"...ನೀನು."

"ಮತ್ತೆ ನನ್ನ ಹೆಸ್ರೆಲ್ಲಿ?" ಅವನು ಮೊಬೈಲನ್ನು ಅವಳ ಮುಂದಿಟ್ಟ. "ಉಬ್ಬಕ್ಷರ ಅಂತ ಎಲ್ರೂ ಕುಣೀತಿದ್ದಾಗ ಫೋಟೋ ಕೆಳಗೆ ನನ್ನ ಹೆಸರಿತ್ತು. ಅಮ್ಮಂಗೆ ಕಳಿಸಿದ್ದೆ. ಫ್ಯಾಮಿಲಿ ಗ್ರೂಪಲ್ಲಿ ಚಿಕ್ಕಪ್ಪ ಚಪ್ಪಾಳೆ ಹೊಡ್ದಿದ್ರು. ತಪ್ಪು ಅಂತ ಗೊತ್ತಾದ ತಕ್ಷಣ ಹೆಸರು ಮಾಯ!"

"ನಿನ್ನ ಕಾಪಾಡೋಣ ಅಂತ..."

"ಯಾರಿಂದ? ನಾನು ಯಾರು ಅಂತಾನೇ ಗೊತ್ತಿಲ್ಲದೇ ಇರೋ ಪ್ರೊಫೆಸರ್‌ಗಳಿಂದಾನಾ?"

ಅಲ್ಲಿಗೆ ಅವಳ ಬೆಂಗಳೂರು ಕನ್ನಡ ಮುಗಿಯಿತು. ಸಿಟ್ಟು ಬಂದಾಗ ಹೊರಡುವುದು ಗದಗಿನದೇ.

"ಏನ್ ಮಾಡಬೇಕಿತ್ತಪಾ ನಾ? ನಿನ್ನ ಹೆಸರು ಬರದು ಎಲ್ಲಾರ ಮುಂದ ನಿಲ್ಲಸಬೇಕಿತ್ತೇನು? ವಾರದಾಗ ಸಿಗೋ ರಜಾ ಬಿಟ್ಟು ಬಂದಾಂವ ನೀ. ಆ ಹಾಳಿ ತಿರುವಿದ್ದೂ ನನಗ ಚಂದ ಕಾಣಲಿ ಅಂತ. ಅದನ್ನ ತಪ್ಪು ಅಂತ ಬರಿಯಾಕ ನನಗ ಕೈ ಬರಲಿಲ್ಲ. ಈಗ ತಿಳೀತಿಲ್ಲೋ?"

ಅವನ ಮುಖದ ಬಿಗಿ ನಿಧಾನವಾಗಿ ಸಡಿಲಿತು. ಬ್ಯಾಡ್ಜ್ ತೆಗೆದು ಜೇಬಿಗಿಟ್ಟು, ಅವಳ ಎದುರಿನ ಸ್ಟೂಲು ಬಿಟ್ಟು ಪಕ್ಕದ ಸ್ಟೂಲಿನಲ್ಲಿ ಕೂತ.

"ಇನ್ನೊಂದ್ಸಲ ಹೇಳು."

"ಏನ?"

"ತಿಳೀತಿಲ್ಲೋ ಅಂದ್ಯಲ್ಲ, ಅದು."

"ಹೊಡಸ್ಕೋತೀ ನೋಡು."

"ಹೊಡಿ" ಅಂದ. ಆಮೇಲೆ ದನಿ ಇಳಿಸಿ, "ನೀಲಾ, ಬರೀ ಒಳ್ಳೇ ಫೋಟೋ ಕೆಳಗೆ ಇರೋಕೆ ನಾನು ಬಂದಿಲ್ಲ. ನಿನ್ನ ಜೊತೆ ಬೈಸ್ಕೊಳ್ಳೋಕೂ ನಂಗೆ ಜಾಗ ಬೇಕು. ಅವತ್ತು ಫೋನಲ್ಲಿ ಹೇಳೋಕೆ ಹೋಗಿದ್ದು ಇದಕ್ಕಿಂತ ಸಿನಿಮಾ ಥರ ಇತ್ತು. ಈಗ ನೆನಪಾಗ್ತಿಲ್ಲ."

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. "ನಾನು ಇಲ್ಲಿರಲ್ಲ ಸಾತ್ವಿಕ್. ಸೆಪ್ಟೆಂಬರ್‌ಗೆ ಮುಗೀತು."

"ಕೆಲಸ ಹುಡುಕೋಕೆ ಒಂದು ವರ್ಷ ಪರ್ಮಿಟ್ ಕೊಡ್ತಾರಲ್ಲ?"

"ಕೊಡ್ತಾರೆ. ಯೆಮನ್ ಕಲ್ಲು ಓದೋರಿಗೆ ಎಷ್ಟು ಅಂಗಡಿ ತೆಗ್ದಿದ್ದಾರೆ ಇಲ್ಲಿ?"

"ಇನ್ನೊಂದು ದಾರೀನೂ ಇದೆ. ನಾನು ಇಲ್ಲಿ..."

"ಪರ್ಮಿಟ್‌ಗೋಸ್ಕರ ಮದುವೆ ಮಾತೆತ್ತಿದ್ರೆ ಈ ಪೆಟ್ಟಿಗೆ ನಿನ್ ತಲೆ ಮೇಲೆ ಹಾಕ್ತೀನಿ."

"ಪರ್ಮಿಟ್ ಬಿಟ್ಟು ಬರೀ ಮದುವೆ ಮಾತೆತ್ತಿದ್ರೆ?"

ಅವಳು ಲ್ಯಾಪ್‌ಟಾಪನ್ನು ತನ್ನೆಡೆಗೆ ಎಳೆದುಕೊಂಡು, ತಿದ್ದುಪಡಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಫೋಟೋ ಸಾತ್ವಿಕ್ ಅವರದು, ಪರೀಕ್ಷಿಸದ ತಪ್ಪು ಇಬ್ಬರದು. ಅವನು ಅವಳ ಭುಜದ ಮೇಲಿಂದ ಓದಿದ. 'ಇಬ್ಬರದು' ಎನ್ನುವಲ್ಲಿ ಅವನ ಉಸಿರು ಒಂದು ಕ್ಷಣ ನಿಂತದ್ದು ಅವಳ ಕಿವಿಗೆ ತಿಳಿಯಿತು. ಕಳಿಸು ಎಂಬ ಗುಂಡಿಯನ್ನು ಅವನೇ ಒತ್ತಿದ.

"ಆ ಜೋಡಿ ಬಗ್ಗೆ ಬೇಜಾರಾಯ್ತು" ಅಂದ, ಹಾಳೆ ನೋಡುತ್ತಾ. "ಎಲ್ರೂ ಬಿಟ್ಟು ಹೋಗ್ತಿರೋ ಊರಲ್ಲಿ ಮನೆ ಕಟ್ಟಿದ್ರು ಅಂದ್ಕೊಂಡಿದ್ದೆ."

"ತುಂಬಿದ ಊರಲ್ಲಿ ಕಟ್ಟಿದ್ರೂ ಮನೆ ಮನೇನೇ ಅಲ್ವಾ? ನಾವೇ ಅವರ ಮೇಲೆ ಇಲ್ಲದ ಕಷ್ಟ ಹೊರ್ಸಿದ್ವಿ."

"ಸೆಪ್ಟೆಂಬರ್‌ವರೆಗೆ ಏನ್ ಮಾಡೋದು?"

"ಇಡೀ ಪೆಟ್ಟಿಗೆ ಮತ್ತೆ ಫೋಟೋ ತೆಗೀಬೇಕು. ಸರಿಯಾದ ಬದಿ."

"ಆಮೇಲೆ?"

"ಹುಡುಕ್ತೀನಿ. ಸಿಗ್ಲಿಲ್ಲ ಅಂದ್ರೆ ಗದಗ."

"ಗದಗಲ್ಲಿ ಚಿಪ್ ಮಷೀನ್ ಇಲ್ಲ."

"ಇಲ್ಲ. ಗಾಳಿ ಐತಿ, ಬೇಕಾದಷ್ಟು."

"ಸಾಕು ಬಿಡು" ಅಂದ ಅವನು. "ನೀನಿರ್ತೀಯಲ್ಲ."

ಮೇಜಿನ ಮೇಲೆ, ಹಾಳೆಯ ಅಂಚಿನಿಂದ ತುಸು ದೂರದಲ್ಲಿ, ಅವಳ ಕೈ ಅವನ ಕೈಯೊಳಗಿತ್ತು. ಇಬ್ಬರೂ ಅಲುಗಾಡದೆ ಕೂತಿದ್ದರು. ಅಲುಗಾಟ ಕಾಣದೆ, ಕೋಣೆಯಲ್ಲಿ ಯಾರೂ ಇಲ್ಲವೆಂದುಕೊಂಡ ಸೂರಿನ ದೀಪಗಳು ತಮ್ಮಷ್ಟಕ್ಕೆ ತಾವೇ ಆರಿಹೋದವು. ಕೈ ಬೀಸಿದರೆ ಮತ್ತೆ ಹತ್ತಿಕೊಳ್ಳುತ್ತವೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬೀಸಲಿಲ್ಲ.